ಟ್ಯೂಬಿನ ಒಳಮೈ

ಜನವರಿ 9

ಅಪ್ಪಾ,

'ತೀರ್ಥರೂಪರ ಪಾದಗಳಿಗೆ' ಎಂದು ಶುರು ಮಾಡಿದರೆ ಇದು ಬೇರೆ ಯಾರಿಗೋ ಬಂದ ಪತ್ರವೆಂದು ಅಂಚೆಯವನಿಗೆ ವಾಪಸ್ಸು ಕೊಟ್ಟುಬಿಡುತ್ತೀಯ. ಅದಕ್ಕೇ ಬರೀ ಅಪ್ಪಾ. ಇನ್ನು ಮೇಲೆ ನಮ್ಮ ಮಾತೆಲ್ಲ ಕಾಗದದಲ್ಲೇ ಆಗಲಿ. ನಾನು ಫೋನಿನಲ್ಲಿ 'ರಕ್ತನಾಳ' ಎಂದು ಮೂರು ಸಲ ಕಿರುಚಿದ್ದು ನಿನಗೆ 'ರತ್ನಮಾಲೆ' ಎಂದು ಕೇಳಿಸಿತಂತೆ. ಮಗಳು ಒಡವೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆಂದು ಪಂಕ್ಚರ್ ಹಾಕಿಸಲು ಬಂದವರಿಗೆಲ್ಲ ಹೇಳಿದೆಯಂತೆ. ಅಮ್ಮ ನಗು ತಡೆಯಲಾರದೆ ಹೇಳಿದಳು. ಕಿವಿಗೆ ಯಂತ್ರ ಹಾಕಿಕೋ ಎಂದರೆ ನೀನು ಕೇಳುವವನಲ್ಲ. ಕನ್ನಡಕವನ್ನಾದರೂ ಹಾಕಿಕೊಂಡು ಇದನ್ನು ಓದು.

ಇಲಿಯ ಕರುಳಿಗೆ ರಕ್ತ ಒಯ್ಯುವ ಸಣ್ಣ ನಾಳಗಳಿವೆ. ನಿನ್ನ ಸೈಕಲ್ ಅಂಗಡಿಯಲ್ಲಿ ವಾಲ್ವಿಗೆ ಸಿಕ್ಕಿಸುವ ರಬ್ಬರಿನ ವಾಲ್‌ಟ್ಯೂಬನ್ನು ಹತ್ತು ಪಟ್ಟು ಸಪೂರ ಮಾಡಿದರೆ ಎಷ್ಟೋ ಅಷ್ಟು. ಅದರ ಗೋಡೆಯಲ್ಲಿ ಸ್ನಾಯು ಇದೆ. ಸ್ನಾಯು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿಸಿದರೆ ಹಿಗ್ಗುತ್ತದೆ. ಬಿಗಿಯುವ ಮೊದಲು ಸ್ನಾಯುವಿನೊಳಗೆ ಒಂದಿಷ್ಟು ವಿದ್ಯುತ್ತು ಏರಿಳಿಯುತ್ತದೆ. ನಾನು ಗಾಜಿನ ಸೂಜಿ ಚುಚ್ಚಿ ಆ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ನೋಡುತ್ತೇನೆ. ನಾನು ಮಾಡುವ ಕೆಲಸ ಇಷ್ಟೇ.

ತೊಂದರೆ ಇರುವುದು ಇಲ್ಲಿ. ನನ್ನ ಪಕ್ಕದ ಮೇಜಿನವಳೂ ಇದನ್ನೇ ಮಾಡುತ್ತಾಳೆ. ಚಹಾ ಕುಡಿಯಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವವಳಾದ್ದರಿಂದ ಅವಳಿಗೆ ನಿಧಾನಿ ಎಂದು ಹೆಸರು. ಸ್ನಾಯುವನ್ನು ಬಿಗಿಸುವ ಒಂದೇ ಔಷಧವನ್ನು ಇಬ್ಬರೂ ಹನಿಸುತ್ತೇವೆ. ಅವಳ ಗೆರೆ ಅವಳಂತೆಯೇ ನಿಧಾನವಾಗಿ ಏರಿ ನಿಲ್ಲುತ್ತದೆ. ನನ್ನದು ಕಾದ ಬಾಣಲೆಗೆ ನೀರು ಚಿಮುಕಿಸಿದ ಹಾಗೆ ಚಟಪಟ ಜಿಗಿಯುತ್ತದೆ. ಹದಿನಾಲ್ಕು ತಿಂಗಳು, ಅರವತ್ತೊಂದು ನಾಳ, ಎಲ್ಲವೂ ಹೀಗೇ. ನಮ್ಮ ಲ್ಯಾಬಿನ ಮೇಡಂ ನಿನ್ನೆ ಬಾಗಿಲು ಹಾಕಿಕೊಂಡು ಹೇಳಿದರು: "ನೋಡಮ್ಮ, ಇಬ್ಬರದ್ದೂ ಸರಿ ಇರೋಕಾಗಲ್ಲ. ಯಾಕೆ ಹೀಗಾಗ್ತಿದೆ ಅಂತ ಜೂನ್ ಮುಗಿಯೋದ್ರೊಳಗೆ ಹೇಳು. ಇಲ್ಲದಿದ್ರೆ ನಿನ್ನ ಜಾಗಕ್ಕೆ ನಾನು ಬೇರೆಯವರನ್ನ ನೋಡ್ಬೇಕಾಗತ್ತೆ."

ನನಗೆ ಹೆದರಿಕೆಯಾಗಿದೆ ಅಪ್ಪಾ. ಅಮ್ಮನಿಗೆ ಇದನ್ನು ಓದಿ ಹೇಳುವಾಗ ಈ ಸಾಲನ್ನು ಹಾರಿಸಿಬಿಡು.

ನಿನ್ನ ವಾಲ್‌ಟ್ಯೂಬು


ಜನವರಿ 21

ಮಗಳೇ,

ಆ ಸಾಲನ್ನು ಹಾರಿಸಿದೆ. "ಯಾಕೆ ಮಧ್ಯ ಉಸಿರು ತಗೊಂಡ್ರಿ?" ಎಂದು ಕೇಳಿ ನಿಮ್ಮಮ್ಮ ಪತ್ರವನ್ನು ಕಿತ್ತುಕೊಂಡು ತಾನೇ ಓದಿದಳು. ಅವಳಿಂದ ಏನನ್ನಾದರೂ ಮುಚ್ಚಿಡಬೇಕಾದರೆ ನಾನು ಇನ್ನೊಂದು ಜನ್ಮ ಎತ್ತಿ ಬರಬೇಕು.

ರತ್ನಮಾಲೆಯಾದರೇನು, ರಕ್ತನಾಳವಾದರೇನು, ನೀನು ಕೆಲಸ ಮಾಡುವುದು ಟ್ಯೂಬಿನ ಮೇಲೆ ತಾನೆ? ನಮ್ಮ ಮನೆತನದ ಕಸುಬೇ ಆಯಿತು. ನನಗೆ ವಿದ್ಯುತ್ತು ಗೊತ್ತಿಲ್ಲ. ಆದರೆ ಟ್ಯೂಬು ನಲವತ್ತು ವರ್ಷದಿಂದ ಗೊತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನಬೇಡ, ಒಂದು ಮಾತು ಕೇಳುತ್ತೇನೆ. ಕೆಲಸ ಶುರು ಮಾಡುವ ಮೊದಲು ನಾಳ ಸೋರುತ್ತಿದೆಯೋ ಇಲ್ಲವೋ ನೋಡಿಕೊಳ್ಳುತ್ತೀಯ? ಸೋರುವ ಟ್ಯೂಬಿಗೆ ಎಂಥ ಪಂಪು ಇದ್ದರೂ ಅಷ್ಟೇ. ನೀನು ಆರು ವರ್ಷದವಳಿದ್ದಾಗ ಬಾಯಲ್ಲಿ ವಾಲ್‌ಟ್ಯೂಬು ಕಚ್ಚಿಕೊಂಡು ನನ್ನ ನೀರಿನ ಬೋಗುಣಿಯ ಪಕ್ಕ ಕುಕ್ಕರಗಾಲಲ್ಲಿ ಕೂತು, ಗುಳ್ಳೆ ಎದ್ದ ಕಡೆ ಬೆರಳಿಡುತ್ತಿದ್ದೆ. ನನಗಿಂತ ಮೊದಲು ತೂತು ಕಂಡುಹಿಡಿಯುತ್ತಿದ್ದೆ. ನೀರು ಸುಳ್ಳು ಹೇಳುವುದಿಲ್ಲ, ನೆನಪಿರಲಿ.

ನಿನ್ನ ಕೈ ಕೆಟ್ಟದ್ದೆಂದು ಯಾರಾದರೂ ಹೇಳಿದರೆ ನನ್ನ ಅಂಗಡಿಗೆ ಕಳಿಸು. ಆ ಕೈ ಹಾಕಿದ ಪ್ಯಾಚು ಒಂದೂ ಬಿಟ್ಟಿಲ್ಲ. ಇಲ್ಲಿ ಚಳಿ ಜೋರಾಗಿದೆ. ಮಿಕ್ಕಂತೆ ಎಲ್ಲ ಸರಿ.

ಇಂತಿ ಟ್ಯೂಬುಗಳ ವೈದ್ಯ,
ನಿನ್ನಪ್ಪ


ಫೆಬ್ರವರಿ 2

ಅಪ್ಪಾ,

ಸೋರಿಕೆ ನೋಡದೆ ಇರುತ್ತೇನೆಯೇ? ನಾನು ನಿನ್ನ ಮಗಳು. ನಾಳದ ಎರಡು ತುದಿಯನ್ನೂ ಗಾಜಿನ ಕೊಳವೆಗೆ ದಾರದಿಂದ ಕಟ್ಟಿ, ಉಪ್ಪುನೀರಿನಲ್ಲಿ ಮುಳುಗಿಸಿ, ಸಿರಿಂಜಿನಿಂದ ಒಂದೇ ಒಂದು ಗಾಳಿಗುಳ್ಳೆಯನ್ನು ಈ ತುದಿಯಿಂದ ಆ ತುದಿಗೆ ಹಾಯಿಸುತ್ತೇನೆ. ಗುಳ್ಳೆ ಹೊರಗೆ ಬರದಿದ್ದರೆ ನಾಳ ಗಟ್ಟಿ. ನಿನ್ನ ಬೋಗುಣಿ ವಿದ್ಯೆಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟಿದ್ದೇನೆ, ಅಷ್ಟೇ.

ಈ ವಾರ ನಿಧಾನಿ ಮತ್ತು ನಾನು ಎಲ್ಲವನ್ನೂ ಅದಲುಬದಲು ಮಾಡಿ ನೋಡಿದೆವು. ಅವಳ ಸೂಜಿ ನನಗೆ, ನನ್ನ ಔಷಧ ಅವಳಿಗೆ. ಕುರ್ಚಿಯನ್ನೂ ಬದಲಿಸಿದೆವು. ಒಂದೇ ಇಲಿಯ ಅಕ್ಕಪಕ್ಕದ ನಾಳಗಳನ್ನು ಹಂಚಿಕೊಂಡೆವು. ಅವಳದ್ದು ಸುಮ್ಮನೆ ಏರಿ ನಿಂತಿತು, ನನ್ನದು ಕುಣಿಯಿತು. ಉಳಿದಿರುವ ವ್ಯತ್ಯಾಸ ಕೈ ಒಂದೇ. ಮೇಡಂ ಎರಡೂ ಗೆರೆ ನೋಡಿ ತಮ್ಮ ಕೋಣೆಗೆ ಹೊರಟುಹೋದರು. ಅವರು ಬೈದಿದ್ದರೆ ವಾಸಿಯಿತ್ತು.

ಕಾಗದ ಬರೆಯುತ್ತಿರು. ನಿಧಾನಿಗೆ ಅಂಚೆಚೀಟಿ ಕೂಡಿಡುವ ಹುಚ್ಚು. ಬಿಸಿನೀರಿನಲ್ಲಿ ನೆನೆಸಿ ಬಿಡಿಸುವುದಕ್ಕೆಂದು ನಿನ್ನ ಲಕೋಟೆಗಳನ್ನೆಲ್ಲ ಸೀಳಿ ಹರಡುತ್ತಾಳೆ. ಅಮ್ಮನಿಗೆ ಹೇಳು, ಒಳ್ಳೆಯ ಚೀಟಿ ಅಂಟಿಸಲಿ.

ನಿನ್ನ ವಾಲ್‌ಟ್ಯೂಬು


ಫೆಬ್ರವರಿ 26

ಅಪ್ಪಾ,

ತಪ್ಪು ಸಿಕ್ಕಿತು. ನಾಳವನ್ನು ಸಿದ್ಧ ಮಾಡುವಾಗ ನಾನು ಮಾಡುತ್ತಿದ್ದ ಒಂದು ಚಿಕ್ಕ ಕೆಲಸದಿಂದ ಒಳಗಿನ ಪದರ ಹಾಳಾಗುತ್ತಿತ್ತು. ನಿಧಾನಿ ಪಕ್ಕದಲ್ಲಿ ನಿಂತು ನೋಡುತ್ತಿದ್ದವಳು "ಅಯ್ಯೋ, ಏನ್ ಮಾಡ್ತಿದ್ದೀಯೇ!" ಎಂದು ಕೂಗಿದಳು. ಅವಳು ಅಷ್ಟು ಬೇಗ ಬಾಯಿಬಿಟ್ಟದ್ದನ್ನು ನಾನು ಅದೇ ಮೊದಲು ನೋಡಿದ್ದು. ತಪ್ಪು ಪೂರ್ತಿ ನನ್ನ ಕೈಯದ್ದೇ. ಬೇರೆ ಯಾರದ್ದೂ ಅಲ್ಲ.

ಅರವತ್ತೊಂದು ನಾಳವೂ ಕಸಕ್ಕೆ. ಉಳಿದದ್ದು ನಾಲ್ಕು ತಿಂಗಳು. ಮೊದಲಿನಿಂದ ಮಾಡುತ್ತೇನೆ, ಆಗುತ್ತದೋ ಇಲ್ಲವೋ ಗೊತ್ತಿಲ್ಲ. ನೀನು ಚಿಂತೆ ಮಾಡಬೇಡ.

ನಿನ್ನ ಮಗಳು


ಏಪ್ರಿಲ್ 3

ಅಪ್ಪಾ,

ನಾನು ಬರೆದು ಐದು ವಾರವಾಯಿತು, ನಿನ್ನಿಂದ ಒಂದು ಸಾಲೂ ಇಲ್ಲ. ಫೋನು ಮಾಡಿದರೆ ಅಮ್ಮ "ಅಂಗಡೀಲಿದ್ದಾರೆ, ಚೆನ್ನಾಗಿದ್ದಾರೆ" ಎನ್ನುತ್ತಾಳೆ. ಅವಳು ಚೆನ್ನಾಗಿದ್ದಾರೆ ಎನ್ನುವ ಧಾಟಿ ನನಗೆ ಗೊತ್ತು. ಕೋಪವಿದ್ದರೆ ಬೈದು ಬರಿ. ಬರೀ ಬೈಗುಳವಿದ್ದರೂ ಸರಿ, ನಿನ್ನ ಅಕ್ಷರ ನೋಡಿದರೆ ಸಾಕು.

ನಿನ್ನ ವಾಲ್‌ಟ್ಯೂಬು


ಏಪ್ರಿಲ್ 10

ಮಗಳಿಗೆ,

ನಾವು ಕ್ಷೇಮ. ಕೋಪವೇನಿಲ್ಲ. ಕೆಲಸ ಹೆಚ್ಚು, ಬರೆಯಲಾಗಲಿಲ್ಲ. ನಿನ್ನ ಮೇಡಂ ಹೇಳಿದಂತೆ ಕೇಳು. ಓದಿದವರು ಹೇಳಿದಂತೆ ಮಾಡು. ಹಳಬರ ಮಾತು ಎಲ್ಲ ಕಡೆಗೂ ನಡೆಯುವುದಿಲ್ಲ.

ಅಪ್ಪ

(ಅದೇ ಲಕೋಟೆಯ ಒಳಮೈಯಲ್ಲಿ, ಪೆನ್ಸಿಲಿನಲ್ಲಿ)

ಕೂಸೇ, ನಿನ್ನ ಗೆಳತಿ ಲಕೋಟೆ ಸೀಳುತ್ತಾಳೆ ಎಂದಿದ್ದೆಯಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮಪ್ಪನ ಬೆರಳುಗಳು ಸುಣ್ಣದ ಹಾಗೆ ಬಿಳಿಯಾಗುತ್ತವೆ. ಬೋಗುಣಿಯ ನೀರಿಗೆ ಕೈ ಹಾಕಿದರೆ ಸಾಕು. ಆಮೇಲೆ ನೀಲಿ, ಆಮೇಲೆ ಕೆಂಪಾಗಿ ಉರಿ. ಪೆನ್ನು ಹಿಡಿಯಲಾಗುವುದಿಲ್ಲ, ಅಕ್ಷರ ನೋಡು. ಚಳಿಗಾಲದಿಂದ ಹೀಗೇ ಇದೆ. ನಿನಗೆ ಹೇಳಬಾರದಂತೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಾನೇ ನೋಡುತ್ತಿದ್ದೇನೆ. ಇನ್ನೊಂದು ಮಾತು. ನಿನ್ನ ಫೆಬ್ರವರಿಯ ಎರಡು ಪತ್ರಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಎಷ್ಟೋ ದಿನ ಓದಿದರು. "ಗುಳ್ಳೆ ಹಾಯಿಸೋದು ಕಲಿಸಿದ್ದು ನಾನೇ ಕಣೇ, ಮಗೂ ಅದನ್ನ ಹೇಳದೆ ನುಂಗ್ಕೊಂಡಿದೆ" ಎಂದು ಒಂದೇ ಸಲ ಹೇಳಿದರು.


ಏಪ್ರಿಲ್ 17

ಅಪ್ಪಾ,

ಮೊದಲು ನಿನ್ನ ಕೈ. ನಾಳೆಯೇ ಡಾಕ್ಟರ ಹತ್ತಿರ ಹೋಗು. ಅಂಗಡಿಯ ಬೋಗುಣಿಗೆ ಬಿಸಿನೀರು ಬೆರೆಸು, ಉಗುರುಬೆಚ್ಚಗೆ ಇರಲಿ. ಬೆಚ್ಚಗಿನ ನೀರಿನಲ್ಲೂ ಗುಳ್ಳೆ ಏಳುತ್ತದೆ, ನಾನು ಪರೀಕ್ಷಿಸಿ ನೋಡಿದ್ದೇನೆ. ಕೈಗವಸು ಹಾಕಿಕೋ. ಸಿಗರೇಟು ಬಿಡು. ಚಳಿಗೆ ನಿನ್ನ ಬೆರಳಿನ ರಕ್ತನಾಳಗಳು ಬಿಗಿದುಕೊಂಡು ಬಿಡಲೊಲ್ಲೆವು ಎನ್ನುತ್ತಿವೆ. ನಿನ್ನ ಮಗಳು ಇಡೀ ದಿನ ನಾಳ ಬಿಗಿಯುವುದನ್ನೇ ನೋಡುತ್ತಾ ಕೂರುತ್ತಾಳೆ, ನೀನು ಅದನ್ನು ಅವಳಿಂದಲೇ ಮುಚ್ಚಿಡುತ್ತೀಯ! ನನಗೆ ನಿಜವಾಗಿಯೂ ಕೋಪ ಬಂದಿದೆ. ಯಾರು ಹೇಳಿದರೆಂದು ಕೇಳಬೇಡ.

ಎರಡನೆಯದು, ನಾನು ಮುಚ್ಚಿಟ್ಟದ್ದು. ನಿನಗೆ ಅದು ಗೊತ್ತಾಗಿದೆ. ಹೌದು, ತಪ್ಪು ಗಾಳಿಗುಳ್ಳೆಯದೇ. ನಾಳದ ಒಳಮೈಗೆ ಜೀವಕೋಶಗಳ ಒಂದೇ ಒಂದು ಪದರವಿದೆ, ಹೆಂಚು ಹಾಸಿದ ಹಾಗೆ. ಅದು ರಕ್ತ ಜಾರಿಹೋಗಲೆಂದು ಬರೀ ಹಾಸಿಟ್ಟದ್ದಲ್ಲ. ಸಣ್ಣ ಸಣ್ಣ ಕಿಂಡಿಗಳ ಮೂಲಕ ಹೊರಗಿನ ಸ್ನಾಯುವಿಗೆ ಕೂಡಿಕೊಂಡಿದೆ. ಸ್ನಾಯುವಿನ ವಿದ್ಯುತ್ತು ಮಿತಿಮೀರಿ ಏರತೊಡಗಿದರೆ ಆ ಕಿಂಡಿಗಳಿಂದಲೇ ಅದನ್ನು ಕೆಳಕ್ಕೆ ಜಗ್ಗುತ್ತದೆ. ಗಾಳಿ ತಗಲಿದರೆ ಈ ಪದರ ಒಣಗಿ ಕಿತ್ತುಬರುತ್ತದೆ. ಜಗ್ಗುವವರಿಲ್ಲದೆ ನನ್ನ ಸ್ನಾಯು ಜಿಗಿಯುತ್ತಿತ್ತು. ನಿಧಾನಿ ಸೋರಿಕೆ ನೋಡುವುದು ಬೇರೆ ರೀತಿ. ನೀರು ತುಂಬಿ, ನಲ್ಲಿ ಮುಚ್ಚಿ, ಒತ್ತಡ ಇಳಿಯುತ್ತದೆಯೇ ಎಂದು ಕಾಯುತ್ತಾಳೆ. ನನಗೆ ಕಾಯುವ ತಾಳ್ಮೆ ಇರಲಿಲ್ಲ.

ಮೇಡಂ ನನ್ನ ನೋಟ್‌ಬುಕ್ ತಿರುವಿ ನೋಡಿ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಗಾಳಿ ಬಿಟ್ರೆ ಒಳಪದರ ಹೋಗತ್ತೆ ಅನ್ನೋದು ಹಳೇ ಸಂಗತಿ. ಬೇಕಂತಲೇ ಹಾಗೆ ತೆಗೆಯೋರಿದ್ದಾರೆ. ಆದ್ರೆ ಸೋರಿಕೆ ನೋಡೋಕೆ ಯಾರಾದ್ರೂ ಗಾಳಿ ಬಿಡ್ತಾರೆ ಅಂತ ನನ್ನ ತಲೆಗೆ ಹೊಳೀಲೇ ಇಲ್ಲ. ಪ್ರತಿ ಪುಟದಲ್ಲೂ 'ಸೋರಿಕೆ ನೋಡಿದೆ' ಅಂತ ಬರ್ದಿದ್ದೀಯ. ಹೇಗೆ ನೋಡ್ದೆ ಅಂತ ನಾನೂ ಕೇಳಲಿಲ್ಲ." ತಪ್ಪಿನಲ್ಲಿ ಅವರೂ ಪಾಲು ತೆಗೆದುಕೊಂಡರು. ನಾನು ಮಾತ್ರ ನಿನಗೆ ಒಂದು ಪಾಲೂ ಕೊಡಬಾರದೆಂದು ಹಟ ಹಿಡಿದೆ. ಅದರಿಂದ ನಿನಗೆ ಎರಡು ಪಟ್ಟು ನೋವಾಯಿತು. ತಪ್ಪಾಯಿತು ಅಪ್ಪಾ.

ನೀರು ಸುಳ್ಳು ಹೇಳುವುದಿಲ್ಲ ಎಂದಿದ್ದೆ. ನಿಜ. ನಾಳ ಸೋರುತ್ತದೆಯೇ ಎಂದು ನಾನು ಕೇಳಿದೆ, ಇಲ್ಲ ಎಂದು ಅದು ಸರಿಯಾಗಿಯೇ ಹೇಳಿತು. ಒಳಗೆ ಇನ್ನೇನಾಯಿತು ಎಂದು ನಾನು ಕೇಳಲೇ ಇಲ್ಲ.

ಹೊಸದಾಗಿ ಮಾಡಿದ ನಾಳಗಳು ಈವರೆಗೆ ಒಂಬತ್ತು. ಎಲ್ಲವೂ ನಿಧಾನಿಯದ್ದರಂತೆ ಶಾಂತ. ಆದರೆ ಅವಳು ಆಗಲೇ ಕಂಡದ್ದನ್ನು ನಾನು ಮತ್ತೆ ಕಂಡರೆ ಏನು ಬಂತು? ಜೂನ್ ಹತ್ತಿರ ಬರುತ್ತಿದೆ.

ನಿನ್ನ ವಾಲ್‌ಟ್ಯೂಬು


ಮೇ 1

ವಾಲ್‌ಟ್ಯೂಬೇ,

ಯಾರು ಹೇಳಿದರೆಂದು ನಾನು ಕೇಳಲಿಲ್ಲ. ನಿಮ್ಮಮ್ಮನೇ ಎದುರಿಗೆ ಬಂದು "ನಾನೇ" ಎಂದಳು.

ಡಾಕ್ಟರ ಹತ್ತಿರ ಹೋಗಿದ್ದೆ. ನೀನು ಬರೆದದ್ದನ್ನೇ ಅವರೂ ಹೇಳಿದರು. ಜೊತೆಗೆ ಮಾತ್ರೆ ಕೊಟ್ಟರು. "ಇದೆಲ್ಲ ಮಗಳು ಕಾಗದದಲ್ಲೇ ಹೇಳಿದ್ಲು" ಅಂದೆ. "ಹಾಗಾದ್ರೆ ಇಲ್ಲಿಗೆ ಯಾಕೆ ಬಂದ್ರಿ?" ಎಂದರು. "ಮಗಳು ಹೋಗು ಅಂದ್ಲು" ಅಂದೆ. ಸಿಗರೇಟು ಬಿಟ್ಟು ಹನ್ನೊಂದು ದಿನವಾಯಿತು. ಹಗಲಿಡೀ ವಾಲ್‌ಟ್ಯೂಬು ಕಚ್ಚಿಕೊಂಡು ಕೂರುತ್ತೇನೆ, ನೀನು ಕೂರುತ್ತಿದ್ದ ಹಾಗೆ. ಬಂದವರೆಲ್ಲ ನಗುತ್ತಾರೆ.

ಆ ಐದು ವಾರದ ಬಗ್ಗೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗಿರಲಿಲ್ಲ, ನಾನೇ ಹೆಗಲು ಮುಟ್ಟಿ ನೋಡಿಕೊಂಡೆ. ನನ್ನ ಬೋಗುಣಿ ವಿದ್ಯೆಯಿಂದ ನಿನ್ನ ಹದಿನಾಲ್ಕು ತಿಂಗಳು ಹೋಯಿತಲ್ಲ ಎಂದು ಬೋಗುಣಿಯ ಮುಖ ನೋಡಲೂ ಮನಸ್ಸಿರಲಿಲ್ಲ. ಈಗ ನೀನೇ ಹೇಳಿದ ಮೇಲೆ ಹಗುರವಾಗಿದೆ. ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ಪದರ, ಕಿಂಡಿ, ಜಗ್ಗುವುದು ಎಲ್ಲ ತಿಳಿಯಿತು. ಒಂದು ಮಾತ್ರ ತಿಳಿಯಲಿಲ್ಲ.

ನನ್ನ ಟ್ಯೂಬಿನಲ್ಲಿ ಗಾಳಿ ಎಲ್ಲ ಕಡೆಗೂ ಒಂದೇ ಸಲ ತುಂಬಿಕೊಳ್ಳುತ್ತದೆ. ನಿನ್ನದರಲ್ಲಿ ಗುಳ್ಳೆ ಈ ತುದಿಯಿಂದ ಆ ತುದಿಗೆ ನಡೆದು ಹೋಗಬೇಕು. ಅದು ಎಂದಾದರೂ ಅರ್ಧ ದಾರಿಯಲ್ಲಿ ನಿಂತುಬಿಟ್ಟದ್ದುಂಟೋ? ಹಾಗೆ ನಿಂತಿದ್ದರೆ ಅರ್ಧ ನಾಳ ನಿನ್ನದು, ಇನ್ನರ್ಧ ನಿಧಾನಿಯದು. ಒಂದೇ ಟ್ಯೂಬು, ಒಂದೇ ಕೈ. ಆಗ ಯಾರ ಕೈ ಕೆಟ್ಟದ್ದು ಎಂಬ ಜಗಳವೇ ಇರುವುದಿಲ್ಲವಲ್ಲ? ಎರಡು ಅರ್ಧ ಸೇರುವ ಕಡೆ ಏನಾಗುತ್ತದೆ? ಕೇಳಬಾರದ್ದನ್ನು ಕೇಳಿದ್ದರೆ ಬಿಟ್ಟುಬಿಡು.

ಇಂತಿ ಬೆಚ್ಚನೆಯ ಬೋಗುಣಿಯ ಒಡೆಯ,
ನಿನ್ನಪ್ಪ


ಮೇ 8

ಅಪ್ಪಾ,

ಮೂವತ್ತೇಳನೆಯ ನಾಳ! ನಿನ್ನ ಪತ್ರ ಕೈಯಲ್ಲಿರುವಾಗಲೇ ಕಪಾಟಿಗೆ ಓಡಿದೆ. ಹಳೆಯ ನೋಟ್‌ಬುಕ್ಕಿನಲ್ಲಿ ನನ್ನದೇ ಅಕ್ಷರ: 'ಗುಳ್ಳೆ ನಡುವೆ ಸಿಕ್ಕಿಕೊಂಡಿತು, ಹಿಂದಕ್ಕೆ ಎಳೆದೆ. ಕೆಟ್ಟಿದೆ. ಲೆಕ್ಕಕ್ಕಿಲ್ಲ.' ಆದರೂ ಅಂದು ಎರಡು ಕಡೆ ಸೂಜಿ ಚುಚ್ಚಿ ನೋಡಿದ್ದೆ, ಗೆರೆಗಳು ಉಳಿದಿವೆ. ಎರಡೂ ಗುಳ್ಳೆ ಓಡಾಡಿದ ಭಾಗದಲ್ಲೇ ಚುಚ್ಚಿದ್ದು, ಅಂದರೆ ಪದರ ಹೋದ ಕಡೆ. ಗುಳ್ಳೆ ಒಳಹೊಕ್ಕ ತುದಿಯ ಹತ್ತಿರ ಗೆರೆ ಎಂದಿನಂತೆ ಕುಣಿದಿದೆ. ಪದರ ಉಳಿದ ಭಾಗಕ್ಕೆ ತಾಗಿಕೊಂಡಿದ್ದ ಕಡೆ ಮಾತ್ರ, ಪದರ ಇಲ್ಲದಿದ್ದರೂ, ಗೆರೆ ಸುಮ್ಮನಿದೆ.

ಮೇಡಂಗೆ ತೋರಿಸಿದೆ. "ಒಂದೇ ಒಂದು ನಾಳದಿಂದ ಏನೂ ಹೇಳೋಕಾಗಲ್ಲ" ಅಂದರು. ಆಮೇಲೆ ತಾವೇ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಆ ಗುಳ್ಳೇನ ಅರ್ಧಕ್ಕೆ ನಿಲ್ಸೋಕೆ ಬರತ್ತಾ ನಿಂಗೆ?" ಎಂದು ಕೇಳಿದರು.

ಬರುತ್ತದೆಯೇ ಎಂದು ಕೇಳುತ್ತಾರೆ! ಗುಳ್ಳೆಯ ವಿಷಯದಲ್ಲಿ ಈ ಕಟ್ಟಡದಲ್ಲಿ ನನ್ನನ್ನು ಮೀರಿಸುವವರಿಲ್ಲ.

ನಿನ್ನ ವಾಲ್‌ಟ್ಯೂಬು


ಜೂನ್ 27

ಅಪ್ಪಾ, ಅಮ್ಮಾ,

ನನ್ನ ಜಾಗ ಉಳಿಯಿತು. ಮೊದಲು ಇದನ್ನು ಬರೆದುಬಿಡುತ್ತೇನೆ, ಆಮೇಲೆ ಉಸಿರು ತೆಗೆದುಕೊಳ್ಳಿ.

ಹದಿನೆಂಟು ನಾಳಗಳಲ್ಲಿ ಗುಳ್ಳೆಯನ್ನು ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ ಹಿಂದಕ್ಕೆ ಎಳೆದೆ. ಹದಿನಾರರಲ್ಲಿ ಒಂದೇ ಫಲ. ಒಳಪದರ ತನ್ನ ಮೇಲಿರುವ ಸ್ನಾಯುವನ್ನಷ್ಟೇ ಸುಮ್ಮನಿರಿಸುವುದಿಲ್ಲ. ಪದರ ಕಳೆದುಕೊಂಡ ಪಕ್ಕದ ಸ್ನಾಯುವಿನ ಜಿಗಿತವನ್ನೂ ಸ್ವಲ್ಪ ದೂರದವರೆಗೆ ತಗ್ಗಿಸುತ್ತದೆ. ದೂರ ಹೋದಂತೆ ಹಿಡಿತ ಸಡಿಲವಾಗುತ್ತದೆ. ಎಷ್ಟು ದೂರದವರೆಗೆ, ಯಾವ ಕಿಂಡಿಗಳ ಮೂಲಕ ಎಂಬುದನ್ನು ಮುಂದಿನ ಎರಡು ವರ್ಷ ನಾನು ನೋಡಬೇಕು. ಒಳಪದರ ಅಲ್ಲಲ್ಲಿ ಕೆಟ್ಟ ನಾಳಗಳು ರೋಗಿಗಳಲ್ಲಿ ಬೇಕಾದಷ್ಟಿವೆ. ಉಳಿದ ಒಂದಿಷ್ಟು ಒಳ್ಳೆಯ ಪದರವೇ ಎಷ್ಟು ಕೆಲಸ ಮಾಡಬಲ್ಲದು ಎಂದು ತಿಳಿದರೆ ಯಾರಿಗಾದರೂ ಎಂದಾದರೂ ಉಪಯೋಗವಾದೀತು. ಅಪ್ಪಾ, ನಿನ್ನ ಬೆರಳಿಗೇ ಆಗುತ್ತದೆ ಎಂದು ಹೇಳಲಾರೆ, ಆಸೆಯಂತೂ ಇದೆ.

ಅರವತ್ತೊಂದು ಹಳೆಯ ನಾಳಗಳೂ ಕಸಕ್ಕೆ ಹೋಗಲಿಲ್ಲ. ಪದರ ಪೂರ್ತಿ ಉಳಿದವು ನಿಧಾನಿಯವು, ಪೂರ್ತಿ ಹೋದವು ನನ್ನವು, ಅರ್ಧ ಉಳಿದವು ಹೊಸವು. ಮೂರನ್ನೂ ಸೇರಿಸಿ ಲೇಖನ ಬರೆಯುತ್ತಿದ್ದೇವೆ, ನಿಧಾನಿಯ ಹೆಸರು ನನ್ನ ಹೆಸರಿನ ಪಕ್ಕದಲ್ಲೇ. ಏನೇನು ಮಾಡಿದೆವು ಎಂದು ಹೇಳುವ ಭಾಗದಲ್ಲಿ ಒಂದು ವಾಕ್ಯವಿದೆ: 'ನಾಳದೊಳಗೆ ಒಂದು ಗಾಳಿಗುಳ್ಳೆಯನ್ನು ಹಾಯಿಸಿ ಒಳಪದರವನ್ನು ತೆಗೆಯಲಾಯಿತು.' ನನ್ನ ತಪ್ಪು ಈಗ ವಿಧಾನವಾಗಿದೆ. ಕೊನೆಯ ಪುಟದಲ್ಲಿ ನೆರವಾದವರಿಗೆ ವಂದನೆ ಹೇಳುವುದು ವಾಡಿಕೆ. ಅಲ್ಲಿ 'ಅರ್ಧಕ್ಕೆ ನಿಂತ ಗುಳ್ಳೆಯ ಪ್ರಶ್ನೆ ಕೇಳಿದ ಸೈಕಲ್ ರಿಪೇರಿಯವರಿಗೆ' ಎಂದು ಬರೆದೆ. ಮೇಡಂ ಇದನ್ನು ಹೊಡೆದುಹಾಕುತ್ತಾರೆ ಅಂದುಕೊಂಡಿದ್ದೆ. ಅವರು ಪೆನ್ನು ತೆಗೆದು ಒಂದು ಕಾಗುಣಿತದ ತಪ್ಪನ್ನು ಮಾತ್ರ ತಿದ್ದಿದರು.

ಬೆರಳು ಹೇಗಿವೆ? ನಿಜ ಹೇಳು.

ನಿಮ್ಮ ವಾಲ್‌ಟ್ಯೂಬು


ಜುಲೈ 9

ಮಗಳೇ,

ನಿನ್ನ ಕಾಗದವನ್ನು ನಿಮ್ಮಮ್ಮ ಗಟ್ಟಿಯಾಗಿ ಓದಿದಳು. ನನ್ನ ಕಿವಿಗೆ ಒಂದಕ್ಷರವೂ ತಪ್ಪಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಈಗ ರಕ್ತನಾಳ ಎಂದೇ ಹೇಳುತ್ತಿದ್ದೇನೆ. ಒಬ್ಬರು "ರತ್ನಮಾಲೆ ಏನಾಯ್ತು?" ಎಂದು ಕೇಳಿದರು. "ಅದಕ್ಕಿಂತ ಬೆಲೆಬಾಳೋದು ಸಿಕ್ತು" ಅಂದೆ.

ಬೆರಳಿನ ವಿಷಯ ನಾನು ಬರೆದರೆ ನೀನು ನಂಬುವುದಿಲ್ಲ. ಲಕೋಟೆಯನ್ನು ನಿಧಾನಿಯ ಕೈಗೆ ಕೊಡು.

ನಿನ್ನಪ್ಪ


ಜುಲೈ 16

ಅಪ್ಪಾ,

ನಿಧಾನಿ ಎಂದಿನಂತೆ ಅರ್ಧ ಗಂಟೆ ತೆಗೆದುಕೊಂಡು, ಅಂಚು ಹರಿಯದಂತೆ ಲಕೋಟೆ ಬಿಡಿಸಿದಳು. ಒಳಮೈಯಲ್ಲಿ ಬರಹವೇನೂ ಇರಲಿಲ್ಲ. ಚೈನಿನ ಗ್ರೀಸಿನಲ್ಲಿ ಅದ್ದಿ ಒತ್ತಿದ ಹತ್ತು ಬೆರಳುಗಳ ಗುರುತು. ಪೆನ್ನು ಹಿಡಿಯಲಾಗದಿದ್ದ ಬೆರಳುಗಳು ಹತ್ತೂ ಪೂರ್ತಿಯಾಗಿ ಒತ್ತಿವೆ, ಗೆರೆ ಗೆರೆ ಕಾಣುತ್ತದೆ. ಬಲಗೈಯ ತೋರುಬೆರಳಿನ ಮೇಲಿನ ಹಳೇ ಗಾಯದ ಗುರುತೂ ಬಂದಿದೆ. ಬೆರಳಿಂದ ಬೆರಳಿಗೆ ಎಣಿಸಿ ನೋಡಿದೆ. ಖುಷಿಗೆ ಅತ್ತುಬಿಟ್ಟೆ ಅಪ್ಪಾ.

ಅದನ್ನು ನನ್ನ ಯಂತ್ರದ ಮೇಲಿನ ಗೋಡೆಗೆ ಅಂಟಿಸಿದ್ದೇನೆ. ಇಂದು ಬೆಳಿಗ್ಗೆ ಮೇಡಂ ಅದರ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಯಾರ ಕೈ ಇದು?" ಅಂದರು.

"ನಂಗೆ ಸೋರಿಕೆ ನೋಡೋದು ಕಲಿಸಿದ ಕೈ" ಅಂದೆ.

ನಿನ್ನ ವಾಲ್‌ಟ್ಯೂಬು